ರಾಣಿ ಮಾರಾಟಕ್ಕಿಲ್ಲ ಸ್ವಾಮೀ!

ತುಂಬಾ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ರಿಲೀಸು, ಮಧ್ಯರಾತ್ರಿಯ ಪ್ರೊಡಕ್ಷನ್ ಇಶ್ಯೂ, ಊರಲ್ಲಿ ಎರಡು ಮದುವೆ... ಬರೆಯದೇ ಇರೋದಕ್ಕೆ ಕಾರಣಗಳಿಗೇನು ಬರ? ಇವತ್ತೂ ಬರೀತಿರಲಿಲ್ಲವೇನೋ. ಆದರೆ ನಿನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಜಗಳ ಆಯ್ತು. ರಾತ್ರಿಯೆಲ್ಲಾ ಅದೇ ತಲೆಯಲ್ಲಿ ಹರಿದಾಡ್ತಾ ಇತ್ತು, ಇರುವೆ ಹರಿದ ಹಾಗೆ. ಜಗಳ ಆಗಿದ್ದೂ ಇರುವೆ ವಿಷಯಕ್ಕೇ :-)

ನಾನು ಮನೆಯಲ್ಲಿ ಇರುವೆ ಸಾಕಿದೀನಿ ಅನ್ನೋದು ನಮ್ಮ ಟೀಮಿಗೆಲ್ಲ ಗೊತ್ತು. ಮೊದಮೊದಲು ನಕ್ಕರು. "ನಮ್ಮನೇಲಿ ಸಾಕದೇನೇ ಸಾವಿರ ಇವೆ, ಬೇಕಾದ್ರೆ ತಗೊಂಡು ಹೋಗು" ಅಂದರು. ಆಮೇಲೆ ಒಬ್ಬನಿಗೆ ಆಸೆ ಹುಟ್ಟಿತು. ನಿನ್ನೆ ಊಟದ ಹೊತ್ತಿಗೆ ಮೊಬೈಲ್ ಮುಂದೆ ಹಿಡಿದ. "ನೋಡು ಗುರು, ಆಫ್ರಿಕಾದ್ದು. ಒಂದು ರಾಣಿ, ಹತ್ತು ಕೆಲಸಗಾರ ಇರುವೆ, ಅಕ್ರಿಲಿಕ್ ಮನೆ ಸಮೇತ 12,000 ರೂಪಾಯಿ. ನಿನ್ನ ಥರ ಒಂದೂವರೆ ವರ್ಷ ಯಾರು ಕಾಯ್ತಾರೆ?"

ಬೇಡ ಕಣೋ ಅಂದೆ. ಯಾಕೆ ಅಂದ. ಹೇಳೋಕೆ ಶುರು ಮಾಡಿದೆ. ಎರಡನೇ ಕಾಫಿ ಮುಗಿಯೋ ಹೊತ್ತಿಗೆ ಇಬ್ಬರ ದನಿಯೂ ಏರಿತ್ತು. ಕೊನೆಗೆ ಅವನು, "ನೀನು ಹಿಡಿದು ಡಬ್ಬಿಗೆ ಹಾಕಿದರೆ ಪ್ರಕೃತಿ ಪ್ರೇಮ, ನಾನು ದುಡ್ಡು ಕೊಟ್ಟು ತಗೊಂಡರೆ ಪಾಪವಾ?" ಅಂತ ಕೇಳಿ ಎದ್ದು ಹೋದ. ಪ್ರಶ್ನೆ ಚೆನ್ನಾಗಿದೆ. ಕ್ಯಾಂಟೀನಿನಲ್ಲಿ ಉತ್ತರ ಸರಿಯಾಗಿ ಬರಲಿಲ್ಲ. ಇಲ್ಲಿ ಪ್ರಯತ್ನ ಪಡ್ತೀನಿ.

ಮೊದಲೇ ನನ್ನ ನಿಲುವು ಹೇಳಿಬಿಡ್ತೀನಿ. ಇರುವೆ ಸಾಕಬೇಕು ಅನ್ನಿಸಿದರೆ ದಯವಿಟ್ಟು ಸಾಕಿ. ಆದರೆ ಕೊಳ್ಳಬೇಡಿ. ಗೂಡು ಅಗೆಯಬೇಡಿ. ಹೊರದೇಶದ್ದಂತೂ ಬೇಡವೇ ಬೇಡ. ನಿಮ್ಮೂರಿನ ಮೊದಲ ಮಳೆಗೆ ಕಾದು, ನಿಮ್ಮ ಮನೆ ಬಾಗಿಲಿಗೆ ತಾನಾಗಿ ಬಂದು ಬಿದ್ದ ಒಂದೇ ಒಂದು ರಾಣಿಯನ್ನ ತಗೊಳ್ಳಿ. ಅಷ್ಟು ಕಾಯೋಕೆ ಆಗಲ್ಲ ಅಂದರೆ ಇರುವೆ ಸಾಕೋ ಯೋಚನೆ ಬಿಡಿ, ಬೇರೆ ಹವ್ಯಾಸ ಬೇಕಾದಷ್ಟಿವೆ.

ಇಷ್ಟು ದೊಡ್ಡದಾಗಿ ಉಪದೇಶ ಮಾಡೋಕೆ ನಾನೇನು ಸಾಚಾ ಅಲ್ಲ. ಮೊದಲು ನನ್ನ ತಪ್ಪು ಒಪ್ಪಿಕೊಂಡು ಬಿಡ್ತೀನಿ.

2023ರ ದಸರಾ ರಜೆ. ಅಕ್ಕನ ಮಗಳು ಪುಟ್ಟಿಗೆ ಆಗ ಏಳು ವರ್ಷ. ಹುಟ್ಟುಹಬ್ಬಕ್ಕೆ ಏನಾದ್ರೂ 'ಸೈಂಟಿಫಿಕ್' ಆಗಿರೋದು ಕೊಡಬೇಕು ಅಂತ ನನಗೆ ಹುರುಪು (ಇಂಜಿನಿಯರ್ ಮಾಮ ಅಲ್ವಾ!). ನೀಲಿ ಬಣ್ಣದ ಜೆಲ್ ತುಂಬಿದ ಒಂದು ಪ್ಲಾಸ್ಟಿಕ್ ಡಬ್ಬಿ ತರಿಸಿದೆ. ಜೆಲ್ಲೇ ಊಟ, ಜೆಲ್ಲೇ ನೀರು, ಅದರೊಳಗೇ ಇರುವೆಗಳು ಸುರಂಗ ತೋಡ್ತವೆ, ನೀವು ಇರುವೆ ಬಿಟ್ಟರೆ ಸಾಕು. ಊರಿನಲ್ಲಿ ನಮ್ಮ ಮನೆ ಹಿಂದಿನ ಹೊಂಗೆ ಮರದ ಬುಡದಿಂದ ನಾನೂ ಪುಟ್ಟಿಯೂ ಸೇರಿ ಇಪ್ಪತ್ತೈದು ಗೊದ್ದ ಹಿಡಿದು ಒಳಗೆ ಬಿಟ್ಟೆವು. ಗೊದ್ದ ಗೊತ್ತಲ್ಲ? ದಪ್ಪ ಕರಿ ಇರುವೆ, ಕೆಣಕಿದರೆ ಕಚ್ಚಿ ಹಿಡಿದುಕೊಳ್ಳೋದು. ಮೊದಲ ವಾರ ಅದ್ಭುತ. ಸುರಂಗಗಳು, ಕವಲುಗಳು, ಮನೆಗೆ ಬಂದವರಿಗೆಲ್ಲ ಪ್ರದರ್ಶನ. ಎರಡನೇ ವಾರ ಒಂದೊಂದೇ ಸಾಯೋಕೆ ಶುರುವಾದವು. ಉಳಿದವು ಸತ್ತವನ್ನ ಎಳೆದು ಒಂದು ಮೂಲೆಗೆ ಗುಡ್ಡೆ ಹಾಕ್ತಿದ್ದವು. ನಾಲ್ಕನೇ ವಾರ ನೀಲಿ ಜೆಲ್‌ನಲ್ಲಿ ಬೂಷ್ಟು, ಮೂಲೆಯಲ್ಲಿ ಕರಿ ಗುಡ್ಡೆ, ಓಡಾಡ್ತಾ ಇದ್ದದ್ದು ಮೂರು.

ಪುಟ್ಟಿ ಅಳಲಿಲ್ಲ. ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದಳು. "ಮಾಮ, ಇವರ ಅಮ್ಮ ಎಲ್ಲಿ?"

ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ತಲೆಗೆ ಹೊಳೆಯದೇ ಇದ್ದ ಪ್ರಶ್ನೆ ಅದು. ಇರುವೆ ಗೂಡು ಅಂದರೆ ಒಂದು ಸಂಸಾರ. ನಾವು ನೋಡೋ ಅಷ್ಟೂ ಕೆಲಸಗಾರ ಇರುವೆಗಳು ಹೆಣ್ಣು, ಒಬ್ಬಳೇ ತಾಯಿಯ ಮಕ್ಕಳು. ಗೊದ್ದದಂಥ ಜಾತಿಯಲ್ಲಿ ಹೊಸ ಕೆಲಸಗಾರರನ್ನ ಹಡೆಯೋಳು ರಾಣಿ ಮಾತ್ರ. ಕೆಲಸಗಾರರು ತಿಂಗಳುಗಟ್ಟಲೆ ಬದುಕಿ ಸಾಯ್ತಾರೆ, ರಾಣಿ ವರ್ಷಗಟ್ಟಲೆ ಬದುಕಿ ಅವರ ಜಾಗ ತುಂಬ್ತಾಳೆ. ರಾಣಿ ಇಲ್ಲದ ಡಬ್ಬಿಯಲ್ಲಿ ಇರುವೆಗಳು ಮಾಡೋಕೆ ಇರೋದು ಒಂದೇ ಕೆಲಸ, ಸಾಯೋದನ್ನ ಕಾಯೋದು. ಸಕ್ಕರೆ ಅಂಶದ ಜೆಲ್ ಅದನ್ನ ಸ್ವಲ್ಪ ಮುಂದಕ್ಕೆ ಹಾಕುತ್ತೆ ಅಷ್ಟೇ. ನಾನು ಮಗುವಿಗೆ ಉಡುಗೊರೆ ಅಂತ ಕೊಟ್ಟಿದ್ದು ನಿಧಾನವಾಗಿ ಸಾಯೋ ಒಂದು ಸಿನಿಮಾ.

ಈ ಆಟಿಕೆಗೆ ದೊಡ್ಡ ಇತಿಹಾಸವೇ ಇದೆ. 1956ರಲ್ಲಿ ಅಮೆರಿಕದ ಮಿಲ್ಟನ್ ಲೆವೀನ್ ಅನ್ನೋ ವ್ಯಾಪಾರಿ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಮರಳು ತುಂಬಿ 'ಆಂಟ್ ಫಾರ್ಮ್' ಅಂತ ಮಾರೋಕೆ ಶುರು ಮಾಡಿದ. ಕೋಟಿಗಟ್ಟಲೆ ಮಾರಾಟ ಆಯ್ತು. ಇರುವೆಗಳು ಅಂಚೆಯಲ್ಲಿ ಬರ್ತಿದ್ದವು, ರಾಣಿ ಮಾತ್ರ ಇಲ್ಲದೆ. ಅಲ್ಲಿನ ಕೃಷಿ ಇಲಾಖೆ ರಾಣಿಯನ್ನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಕಳಿಸೋಕೆ ಸುಲಭಕ್ಕೆ ಬಿಡಲ್ಲ. ಅದಕ್ಕೆ ಸರಿಯಾದ ಕಾರಣವೂ ಇದೆ, ಮುಂದೆ ಹೇಳ್ತೀನಿ. ಆದರೆ ಇದರಿಂದ ಆಗಿದ್ದೇನು? ಇರುವೆ ಗೂಡು ಅಂದರೆ ಕೆಲವು ವಾರ ನೋಡಿ ಕಸದಬುಟ್ಟಿಗೆ ಹಾಕೋ ಸಾಮಾನು ಅನ್ನೋ ಕಲ್ಪನೆ ಎರಡು ಮೂರು ತಲೆಮಾರಿಗೆ ಅಂಟಿಕೊಂಡಿತು. ಜೆಲ್ ಡಬ್ಬಿ ಅದೇ ಕಲ್ಪನೆಯ ಮೊಮ್ಮಗ.

ಸರಿ, ರಾಣಿ ಇಲ್ಲದೇ ಇದ್ದದ್ದೇ ತಪ್ಪಾದರೆ ರಾಣಿ ಸಮೇತ ಕೊಂಡರಾಯ್ತಲ್ಲ? ನನ್ನ ಗೆಳೆಯನ ವಾದವೂ ಇದೇ. ಇಲ್ಲಿಂದ ವಿಷಯ ಆಟಿಕೆ ಮಟ್ಟದಿಂದ ಮೇಲೆ ಹೋಗುತ್ತೆ.

2025ರ ಏಪ್ರಿಲ್‌ನಲ್ಲಿ ಕೀನ್ಯಾದಲ್ಲಿ ಹದಿಹರೆಯದ ಇಬ್ಬರು ಬೆಲ್ಜಿಯಂ ಹುಡುಗರು ಸಿಕ್ಕಿಬಿದ್ದರು. ಅವರ ಕೋಣೆಯಲ್ಲಿ ಸಿಕ್ಕಿದ್ದು ಆನೆ ದಂತ ಅಲ್ಲ, ಘೇಂಡಾಮೃಗದ ಕೊಂಬೂ ಅಲ್ಲ. ಹತ್ತಿ ತುರುಕಿದ ಎರಡು ಸಾವಿರಕ್ಕೂ ಹೆಚ್ಚು ಕೊಳವೆಗಳು, ಅವುಗಳಲ್ಲಿ ಸುಮಾರು 5,000 ರಾಣಿ ಇರುವೆಗಳು. ಮೆಸ್ಸಾರ್ ಸೆಫಲೋಟೀಸ್ ಅನ್ನೋ, ಕಾಳು ಕೂಡಿಡುವ ದೊಡ್ಡ ಜಾತಿಯದ್ದೂ ಅದರಲ್ಲಿತ್ತು. ಯೂರೋಪ್, ಏಷ್ಯಾದ ಹವ್ಯಾಸಿಗಳ ಮಾರುಕಟ್ಟೆಯಲ್ಲಿ ಅದಕ್ಕೆ ಭಾರಿ ಬೆಲೆ. ಮೇ ತಿಂಗಳಲ್ಲಿ ನೈರೋಬಿಯ ನ್ಯಾಯಾಲಯ ಅವರಿಬ್ಬರಿಗೂ, ಇನ್ನೊಂದು ಪ್ರಕರಣದಲ್ಲಿ ಸಿಕ್ಕ ಇನ್ನಿಬ್ಬರಿಗೂ ತಲಾ ಹತ್ತು ಲಕ್ಷ ಕೀನ್ಯಾ ಶಿಲಿಂಗ್ ದಂಡ, ತಪ್ಪಿದರೆ ಒಂದು ವರ್ಷ ಜೈಲು ಅಂತ ತೀರ್ಪು ಕೊಟ್ಟಿತು. ಹುಡುಗರು ಹೇಳಿದ್ದು, ಇದು ಹವ್ಯಾಸ, ಅಪರಾಧ ಅಂತ ಗೊತ್ತಿರಲಿಲ್ಲ ಅಂತ.

ಹವ್ಯಾಸ! 5,000 ರಾಣಿ ಅಂದರೆ 5,000 ಗೂಡು ಆಗಬಹುದಾಗಿದ್ದ ಜೀವಗಳು. ಅವು ಆ ಹುಲ್ಲುಗಾವಲಿನಲ್ಲಿ ಬೀಜ ಹೊತ್ತು ಹರಡಿ, ಮಣ್ಣು ತಿರುವಿ, ಇನ್ನೆಷ್ಟೋ ಪ್ರಾಣಿಗಳಿಗೆ ಊಟ ಆಗಬೇಕಿತ್ತು. ಇದನ್ನ ಹಿಡಿದವರು ಹಿಡಿದದ್ದು ಯಾಕೆ? ಕೊಳ್ಳೋರು ಇದಾರೆ ಅಂತ. ಆ 12,000 ರೂಪಾಯಿ 'ಆಫರ್' ನೋಡಿದಾಗ ನನಗೆ ಆ ಕೊಳವೆಗಳೇ ಕಣ್ಣ ಮುಂದೆ ಬಂದವು. ಆ ರಾಣಿ ಎಲ್ಲಿಂದ, ಯಾರ ಕೈಯಿಂದ, ಎಷ್ಟು ಸತ್ತ ಮೇಲೆ ಉಳಿದು ಬಂತು ಅಂತ ಯಾವ ಮಾರಾಟಗಾರನೂ ಬರೆಯಲ್ಲ.

ಎರಡನೇ ಮಾತು, ತಪ್ಪಿಸಿಕೊಂಡರೆ? ಗಾಜು ಒಡೀಬಹುದು, ಬೇಸರ ಆಗಿ ನೀವೇ ಪಾರ್ಕಿನಲ್ಲಿ ಬಿಟ್ಟು ಬರಬಹುದು. ದಕ್ಷಿಣ ಅಮೆರಿಕದ ಕೆಂಪು ಬೆಂಕಿ ಇರುವೆ 1930ರ ದಶಕದಲ್ಲಿ ಅಲಬಾಮಾದ ಮೊಬೈಲ್ ಬಂದರಿಗೆ ಹಡಗಿನ ಜೊತೆ ಬಂದಿಳಿಯಿತು. ಇವತ್ತು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದನ್ನ ಓಡಿಸೋ ಮಾತೇ ಇಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 2001ರಲ್ಲಿ ಪತ್ತೆ ಆಯ್ತು, ಅಲ್ಲಿಂದ ಅದರ ಹಿಂದೆ ಸುರಿದ ದುಡ್ಡಿಗೆ ಲೆಕ್ಕ ಇಲ್ಲ. ಕ್ರಿಸ್‌ಮಸ್ ದ್ವೀಪದಲ್ಲಿ 'ಹಳದಿ ಹುಚ್ಚಿರುವೆ' ಕೋಟಿಗೂ ಮಿಕ್ಕಿ ಕೆಂಪು ಏಡಿಗಳನ್ನ ಕೊಂದಿತು. ಅದೇ ಇರುವೆ 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೈ ಬೆಟ್ಟದ ಹಳ್ಳಿಗಳಲ್ಲಿ ದನಕರುಗಳ ಕಣ್ಣಿಗೇ ಮುತ್ತಿ ಸುದ್ದಿ ಆಯ್ತು. ದಿಂಡಿಗಲ್ ನಮಗೇನು ದೂರ? ಹೊರಗಿನಿಂದ ಬಂದ ಇರುವೆ ನೆಲೆ ಊರಿದರೆ ಆಮೇಲೆ 'ಅನ್‌ಡು' ಬಟನ್ ಇಲ್ಲ. ಅಮೆರಿಕದವರು ರಾಣಿಯ ಓಡಾಟಕ್ಕೆ ಕಡಿವಾಣ ಹಾಕಿರೋದೂ ಇದಕ್ಕೇ. ನಮ್ಮಲ್ಲೂ 2003ರ ಪ್ಲಾಂಟ್ ಕ್ವಾರಂಟೀನ್ ಆದೇಶದ ಪ್ರಕಾರ ಪರವಾನಗಿ ಇಲ್ಲದೆ ಜೀವಂತ ಕೀಟ ತರಿಸೋ ಹಾಗಿಲ್ಲ. ಕೊರಿಯರ್‌ನಲ್ಲಿ ಬಂತು ಅಂದ ಮಾತ್ರಕ್ಕೆ ಕಾನೂನುಬದ್ಧ ಅಲ್ಲ ಸ್ವಾಮೀ.

"ಸರಿ, ಲೋಕಲ್ ಇರುವೆಯನ್ನೇ ಕೊಳ್ತೀನಿ" ಅಂತೀರಾ? ಕೆಲಸಗಾರರ ಸಮೇತ ದೊಡ್ಡ ಗೂಡೊಂದನ್ನ ಒಬ್ಬ ನಿಮಗೆ ನಾಳೆಯೇ ಕೊಡ್ತೀನಿ ಅಂದರೆ ಅವನು ಅದನ್ನ ಒಂದೋ ವರ್ಷಗಟ್ಟಲೆ ಸಾಕಿರಬೇಕು, ಇಲ್ಲಾ ಎಲ್ಲೋ ಗುದ್ದಲಿ ಹಾಕಿರಬೇಕು. ಯಾವುದು ಸುಲಭ ಅಂತ ನೀವೇ ಯೋಚನೆ ಮಾಡಿ. ಗೂಡು ಅಗೆದು ರಾಣಿಯನ್ನ ಎತ್ತಿಕೊಂಡರೆ ಹಿಂದೆ ಉಳಿದ ಸಾವಿರಾರು ಇರುವೆಗಳು ನಮ್ಮ ಪುಟ್ಟಿಯ ಜೆಲ್ ಡಬ್ಬಿಯಲ್ಲಿ ಇದ್ದವುಗಳ ಹಾಗೇ. ಡಬ್ಬಿ ಮಾತ್ರ ದೊಡ್ಡದು.

ಹಾಗಾದರೆ ಸರಿಯಾದ ದಾರಿ ಯಾವುದು? ನನಗೆ ಅದು ಸಿಕ್ಕಿದ್ದು ಮಳೆಯಿಂದ.

2024ರ ಬೇಸಿಗೆ ಬೆಂಗಳೂರಿನಲ್ಲಿದ್ದವರಿಗೆ ನೆನಪಿರುತ್ತೆ. ಏಪ್ರಿಲ್ ಪೂರ್ತಿ ಮಳೆಯೇ ಇಲ್ಲ. ಟ್ಯಾಂಕರ್‌ಗೆ ಕಾದಿದ್ದು, ಅಪಾರ್ಟ್‌ಮೆಂಟುಗಳಲ್ಲಿ ಬಕೆಟ್ ಲೆಕ್ಕ... ಕೊನೆಗೆ ಮೇ ತಿಂಗಳಲ್ಲಿ ಮಳೆ ಬಂತು. ಒಂದು ಸಂಜೆ ಮಳೆ ನಿಂತ ಮೇಲೆ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಟ್ಯೂಬ್‌ಲೈಟ್ ಕೆಳಗೆ ರೆಕ್ಕೆ ಹುಳುಗಳ ಜಾತ್ರೆ. ಅದರಲ್ಲಿ ಬಹುಪಾಲು ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು. ನಾಲ್ಕೂ ರೆಕ್ಕೆ ಒಂದೇ ಅಳತೆ, ಮೈಗಿಂತ ಉದ್ದ, ಸೊಂಟ ಅನ್ನೋದೇ ಇಲ್ಲ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಬೇರೆ ಥರ. ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು, ಸಣ್ಣ ಸೊಂಟ, ಮೊಣಕೈ ಥರ ಮಡಿಚಿದ ಮೀಸೆ, ದಪ್ಪ ಎದೆ. ಅದು ಇರುವೆ ರಾಣಿ.

"ಸಾಯೋ ಕಾಲಕ್ಕೆ ಇರುವೆಗೆ ರೆಕ್ಕೆ" ಅಂತಾರಲ್ಲ ನಮ್ಮ ಕಡೆ, ಮುಕ್ಕಾಲು ಪಾಲು ನಿಜ. ಗಂಡಿರುವೆಗಳು ಗಾಳಿಯಲ್ಲಿ ರಾಣಿಯನ್ನ ಕೂಡಿ, ಸ್ವಲ್ಪ ಹೊತ್ತಿಗೇ ಅಥವಾ ಕೆಲವೇ ದಿನಕ್ಕೆ ಸಾಯ್ತವೆ. ರಾಣಿಯರಲ್ಲೂ ಬಹುಪಾಲು ಹಲ್ಲಿ, ಕಪ್ಪೆ, ಹಕ್ಕಿ, ಬೇರೆ ಇರುವೆಗಳ ಪಾಲು, ನಗರದಲ್ಲಾದರೆ ಕಾರಿನ ಚಕ್ರ, ಪೊರಕೆ. ಬದುಕಿದವಳು ತನ್ನ ರೆಕ್ಕೆಯನ್ನ ತಾನೇ ಮುರಿದು ಹಾಕ್ತಾಳೆ. ಒಂದು ಬಿಲ ತೋಡಿ, ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ತಾಳೆ. ಅಲ್ಲಿಂದ ಮುಂದೆ ಊಟ ಇಲ್ಲ. ಹಾರೋಕೆ ಇದ್ದ ಮಾಂಸಖಂಡ ಇನ್ನು ಬೇಡವಲ್ಲ, ಅದನ್ನೇ ಕರಗಿಸಿ ಮೊದಲ ಮಕ್ಕಳನ್ನ ಸಾಕ್ತಾಳೆ. ಆ ಒಂದು ಸಂಜೆ ಪಡೆದ ವೀರ್ಯವನ್ನ ಹೊಟ್ಟೆಯೊಳಗೆ ಕಾಪಾಡಿಕೊಂಡು ಜೀವಮಾನ ಪೂರ್ತಿ ಬಳಸ್ತಾಳೆ. ಜಾನ್ ಲಬಕ್ ಅನ್ನೋ ಇಂಗ್ಲಿಷ್ ವಿದ್ವಾಂಸ 1874ರಲ್ಲಿ ಹಿಡಿದ ಒಬ್ಬ ರಾಣಿ ಅವನ ಗಾಜಿನ ಗೂಡಿನಲ್ಲಿ 1888ರವರೆಗೆ ಬದುಕಿದ್ದಳು. ಯೂರೋಪಿನ ಒಂದು ಸಣ್ಣ ಕರಿ ಇರುವೆ ಜಾತಿಯ ರಾಣಿ ಸಾಕಿದವರ ಮನೆಯಲ್ಲಿ 28 ವರ್ಷ ದಾಟಿದ್ದು ದಾಖಲೆ. ನನಗಿಂತ ಹಿರಿಯಳು!

ಮೆಟ್ಟಿಲ ಮೇಲೆ ರೆಕ್ಕೆ ಮುರಿದುಕೊಂಡು ಓಡಾಡ್ತಿದ್ದ ನಾಲ್ಕು ಗೊದ್ದದ ರಾಣಿಯರನ್ನ ಹಿಡಿದೆ. (ಪುಸ್ತಕದ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್, 1787ರಲ್ಲೇ ಫ್ಯಾಬ್ರಿಷಿಯಸ್ ವರ್ಣಿಸಿದ್ದು.) ಬೇಕಾದ ಸಾಮಾನು ಇಷ್ಟೇ. ಲ್ಯಾಬ್ ಸಾಮಾನಿನ ಅಂಗಡಿಯ ನಾಲ್ಕು ಟೆಸ್ಟ್ ಟ್ಯೂಬ್, ಮೆಡಿಕಲ್ ಸ್ಟೋರಿನ ಹತ್ತಿ. ಟ್ಯೂಬಿನ ಮೂರನೇ ಒಂದು ಭಾಗ ನೀರು, ಅದಕ್ಕೆ ತಾಗೋ ಹಾಗೆ ಗಟ್ಟಿ ಹತ್ತಿ, ಮಧ್ಯೆ ರಾಣಿ, ಬಾಯಿಗೆ ಒಣ ಹತ್ತಿ. ಮೇಲೆ ಕಪ್ಪು ಬಟ್ಟೆ ಸುತ್ತಿ ಕತ್ತಲೆಯಲ್ಲಿ ಇಡೋದು. ಒಟ್ಟು ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ. ಆಮೇಲೆ ಏನು ಮಾಡಬೇಕು ಅಂದರೆ, ಏನೂ ಮಾಡಬಾರದು. ಊಟ ಹಾಕಬಾರದು. ಅಲ್ಲಾಡಿಸಬಾರದು. ವಾರಕ್ಕೊಮ್ಮೆಗಿಂತ ಹೆಚ್ಚು ನೋಡಬಾರದು.

ಅದೇ ಕಷ್ಟ ನೋಡಿ! ಮೊದಲನೆಯವಳ ಕಾಲು ಮೊದಲೇ ಮುರಿದಿತ್ತು, ವಾರದೊಳಗೆ ಸತ್ತಳು. ಎರಡನೆಯವಳನ್ನ ಕೊಂದದ್ದು ನಾನು ಅಂತಲೇ ಹೇಳಬೇಕು. ಫ್ರಿಡ್ಜ್ ಮೇಲೆ ಇಟ್ಟಿದ್ದೆ, ಮೋಟರು ದಿನವಿಡೀ ಗುಡುಗುಡು. ಜೊತೆಗೆ ಬೆಳಿಗ್ಗೆ ಸಂಜೆ ಮೊಬೈಲ್ ಟಾರ್ಚ್ ಹಾಕಿ, ಮೊಟ್ಟೆ ಎಷ್ಟಾಯ್ತು ಅಂತ ಎಣಿಕೆ. ಒಂದು ದಿನ ನೋಡಿದರೆ ಮೊಟ್ಟೆ ಒಂದೂ ಇಲ್ಲ, ಅವಳೇ ತಿಂದಿದ್ದಳು. ಅಪಾಯ ಅನ್ನಿಸಿದರೆ ರಾಣಿ ಮಾಡೋದು ಅದನ್ನೇ. ಸ್ವಲ್ಪ ದಿನದಲ್ಲಿ ಅವಳೂ ಹೋದಳು. ನಮ್ಮ ಮ್ಯಾನೇಜರು ದಿನಕ್ಕೆ ಎರಡು ಸಲ ಸ್ಟೇಟಸ್ ಕೇಳ್ತಾರೆ ಅಂತ ಇಲ್ಲೇ ಎಷ್ಟು ಸಲ ಗೊಣಗಿದೀನಿ. ನಾನು ಆ ರಾಣಿಗೆ ಮಾಡಿದ್ದೂ ಅದೇ ಕೆಲಸ. ಮೂರನೆಯವಳು ಎರಡು ತಿಂಗಳಾದರೂ ಒಂದೂ ಮೊಟ್ಟೆ ಇಡಲಿಲ್ಲ. ಬಹುಶಃ ಗಂಡು ಸಿಕ್ಕಿರಲಿಲ್ಲ. ಸಿಗದವಳು ಇಟ್ಟರೂ ಆ ಮೊಟ್ಟೆಗಳಿಂದ ಬರೀ ಗಂಡೇ ಹುಟ್ಟೋದು. ಅವಳನ್ನ ಮನೆ ಹತ್ತಿರದ ಮರದ ಬುಡಕ್ಕೆ ಬಿಟ್ಟು ಬಂದೆ.

ನಾಲ್ಕನೆಯವಳ ಟ್ಯೂಬನ್ನ ಬೀರುವಿನಲ್ಲಿ ಪಂಚೆ, ಶಲ್ಯಗಳ ಹಿಂದೆ ಇಟ್ಟು ಬೀಗದ ಕೈಯನ್ನ ಅಮ್ಮನ ಕೈಗೆ ಕೊಟ್ಟುಬಿಟ್ಟೆ. "ನಾನು ಕೇಳಿದರೂ ಭಾನುವಾರ ಬಿಟ್ಟು ಕೊಡಬೇಡ" ಅಂತ. ಅಮ್ಮ, "ಹುಚ್ಚು ಹಿಡಿದಿದೆ ಕಣೋ ನಿಂಗೆ. ಡಬ್ಬಿಗೆ ಇರುವೆ ಬರದ ಹಾಗೆ ನಾನು ಸೀಮೆಸುಣ್ಣದ ಗೆರೆ ಎಳೀತಿದೀನಿ, ನೀನು ಬೀರುವಲ್ಲಿ ಇರುವೆ ಇಟ್ಟುಕೊಂಡಿದೀಯ" ಅಂದಳು. ಆದರೆ ಬೀಗದ ಕೈ ಕೊಡಲಿಲ್ಲ. 44ನೇ ದಿನ, ಒಂದು ಭಾನುವಾರ, ಬಟ್ಟೆ ಸರಿಸಿದರೆ ರಾಣಿಯ ಪಕ್ಕ ಒಂದು ಸಣ್ಣ, ಮಾಸಲು ಬಣ್ಣದ, ನಡೆಯೋಕೆ ಹೆದರೋ ಇರುವೆ. ಹೊಟ್ಟೆಗಿಲ್ಲದೆ ಬೆಳೆಸಿದ ಚೊಚ್ಚಲ ಮಕ್ಕಳು ಹೀಗೇ, ಕುಳ್ಳಗೆ ಇರ್ತವೆ. ನಾನು ಕೂಗಿದ್ದಕ್ಕೆ ಅಮ್ಮ ಒಲೆ ಆರಿಸಿ ಓಡಿ ಬಂದಳು. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿ, "ಬಾಣಂತಿಗೆ ಈಗಲಾದ್ರೂ ಏನಾದ್ರೂ ಕೊಡೋ" ಅಂದಳು.

ಸೂಜಿ ಮೊನೆಯಷ್ಟು ಜೇನುತುಪ್ಪ ಕೊಟ್ಟೆವು. ಆಮೇಲೆ ವಾರಕ್ಕೆರಡು ಸಲ ಸಕ್ಕರೆ ನೀರು, ಮಕ್ಕಳು ಬೆಳೆಯೋಕೆ ಬ್ಯಾಟಿನಲ್ಲಿ ಹೊಡೆದ ಒಂದೆರಡು ಸೊಳ್ಳೆ. (ಸ್ಪ್ರೇ ಹೊಡೆದು ಕೊಂದ ಹುಳ ಮಾತ್ರ ಬೇಡ, ವಿಷ ಗೂಡಿಗೇ ಹೋಗುತ್ತೆ.) ಈಗ ಅರವತ್ತು ಚಿಲ್ಲರೆ ಇದಾರೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಪ್ಲಾಸ್ಟರ್ ಹಾಕಿ ಮಾಡಿದ ಗೂಡು. ಆ ಡಬ್ಬಿ ನೀರು ತುಂಬಿದ ಊಟದ ತಟ್ಟೆಯ ಮಧ್ಯೆ ಕೂತಿದೆ. ಸಕ್ಕರೆ ಡಬ್ಬಿಗೆ ಇರುವೆ ಬರದಿರಲಿ ಅಂತ ನಮ್ಮ ಅಜ್ಜಿ ಮಾಡ್ತಿದ್ದ ಉಪಾಯವೇ, ಇಲ್ಲಿ ತಿರುಗುಮುರುಗು ಅಷ್ಟೇ :-)

ಈಗ ಗೆಳೆಯನ ಪ್ರಶ್ನೆಗೆ ಬರ್ತೀನಿ. ನಾನು ಹಿಡಿದರೆ ಪ್ರೇಮ, ಅವನು ಕೊಂಡರೆ ಪಾಪವಾ?

ನಾನು ಮಾಡಿರೋದು ಪುಣ್ಯದ ಕೆಲಸ ಅಂತ ನಾನೂ ಹೇಳಲ್ಲ. ಡಬ್ಬಿ ಡಬ್ಬಿಯೇ. ನಾಲ್ಕರಲ್ಲಿ ಒಬ್ಬಳು ಸತ್ತಿದ್ದು ನನ್ನ ಆತುರದಿಂದ. ಆದರೆ ವ್ಯತ್ಯಾಸ ಇದೆ. ನಾನು ತಗೊಂಡದ್ದು ಸಿಮೆಂಟು ಮೆಟ್ಟಿಲ ಮೇಲೆ, ಬೆಳಗಾದರೆ ಪೊರಕೆಗೆ ಸಿಗೋಳನ್ನ. ಅವಳಿಗೆ ಬೇಕಿದ್ದದ್ದೂ ಕತ್ತಲೆಯ ಒಂದು ಮುಚ್ಚಿದ ಕೋಣೆ. ಹಿಂದೆ ಯಾವ ಗೂಡೂ ಅನಾಥ ಆಗಲಿಲ್ಲ. ನಾಳೆ ನನಗೆ ಸಾಕೋಕೆ ಆಗದಿದ್ದರೆ ಹಿಡಿದ ಜಾಗದ ಹತ್ತಿರವೇ ಬಿಡಬಹುದು, ಅಲ್ಲಿಯ ಮಣ್ಣಿಗೆ ಅವಳು ಹೊಸಬಳಲ್ಲ. ಕೊಂಡ ರಾಣಿಯ ವಿಷಯದಲ್ಲಿ ಈ ಯಾವ ಮಾತೂ ಹೇಳೋಕೆ ಆಗಲ್ಲ. ಎಲ್ಲಕ್ಕಿಂತ ಮುಖ್ಯ, ನಾನು ಒಬ್ಬಳನ್ನ ಸಾಕಿದರೆ ಕತೆ ಅಲ್ಲಿಗೆ ಮುಗೀತು. ಅವನು ಒಬ್ಬಳನ್ನ ಕೊಂಡರೆ ಮಾರಾಟಗಾರ ನಾಳೆ ಇನ್ನೂ ಹತ್ತು ಹಿಡೀತಾನೆ.

ಇನ್ನೊಂದು ಮಾತು, ಇದು ನಮ್ಮ ಇಂಜಿನಿಯರ್ ಬಳಗಕ್ಕೇ. 1992ರಲ್ಲಿ ಮಾರ್ಕೋ ಡೊರಿಗೋ ತನ್ನ ಪಿಎಚ್‌ಡಿಯಲ್ಲಿ ಇರುವೆಗಳು ವಾಸನೆಯ ಜಾಡು ಬಿಟ್ಟು ಹತ್ತಿರದ ದಾರಿ ಹುಡುಕೋ ರೀತಿಯನ್ನ ಅಲ್ಗಾರಿದಮ್ ಮಾಡಿದ. ನಾವೆಲ್ಲ ಅದನ್ನ ಸೆಮಿನಾರಿನಲ್ಲಿ ಹೇಳಿ ಮಾರ್ಕ್ಸ್ ತಗೊಂಡವರೇ. ನಮ್ಮಲ್ಲಿ ಎಷ್ಟು ಜನ ಇರುವೆ ಸಾಲನ್ನ ಹತ್ತು ನಿಮಿಷ ಕೂತು ನೋಡಿದೀವಿ? ಭೌತವಿಜ್ಞಾನಿ ಫೈನ್‌ಮನ್ ತನ್ನ ಬಚ್ಚಲುಮನೆಯಲ್ಲಿ ಇರುವೆಯ ಹಿಂದೆ ಬಣ್ಣದ ಪೆನ್ಸಿಲ್‌ನಲ್ಲಿ ಗೆರೆ ಎಳೀತಾ ಹೋಗಿ, ಡೊಂಕು ದಾರಿ ಸಲದಿಂದ ಸಲಕ್ಕೆ ನೇರ ಆಗೋದನ್ನ ಕಂಡ. ಅವನೇನು ಇರುವೆ ಕೊಂಡಿರಲಿಲ್ಲ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿ 1990ರ ದಶಕದ ಆರಂಭದಲ್ಲೇ ಕರ್ನಾಟಕದ ಇರುವೆಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. 2006ರಲ್ಲಿ ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ದಕ್ಷಿಣ ಭಾರತದ ಇರುವೆಗಳ ಕೈಪಿಡಿ 'ಆನ್ ಎ ಟ್ರೇಲ್ ವಿತ್ ಆಂಟ್ಸ್' ತಂದರು. ಪಶ್ಚಿಮಘಟ್ಟದಲ್ಲಿ ಇರೋ ನೆಗೆಯುವ ಇರುವೆ, ಹಾರ್ಪೆಗ್ನಾಥಸ್, ಇಡೀ ಜಗತ್ತಿನ ಲ್ಯಾಬುಗಳಿಗೆ ಅಚ್ಚುಮೆಚ್ಚು. ರಾಣಿ ಸತ್ತರೆ ಅದರ ಕೆಲಸಗಾರರೇ ಪಟ್ಟಕ್ಕೆ ಹೊಡೆದಾಡಿ ಮೊಟ್ಟೆ ಇಡೋಕೆ ಶುರು ಮಾಡ್ತವೆ! ಅದರ ಜೀನೋಮ್ 2010ರಲ್ಲೇ ಬಂತು. (ಹಾಗಂತ ಕಾಡಿಗೆ ಹೋಗಿ ಹಿಡಿಯಬೇಡಿ ಮಹಾರಾಯರೇ.) ಎಲೆ ಹೊಲಿದು ಗೂಡು ಕಟ್ಟೋ ಚಗಳಿ ಮಲೆನಾಡಿನವರ ತೋಟದಲ್ಲೇ ಇದೆ, ಚಟ್ನಿ ಸಮೇತ. ಇಷ್ಟೆಲ್ಲ ಇಟ್ಟುಕೊಂಡು ಆಫ್ರಿಕಾದ್ದು ಯಾಕೆ ಬೇಕು? ಫೋಟೋ ಹಾಕೋಕೆ. ಬೇರೆ ಕಾರಣ ನನಗೆ ಕಾಣಲ್ಲ.

ಕೊನೆಗೆ ಪುಟ್ಟಿ ವಿಷಯ. ಕಳೆದ ಬೇಸಿಗೆ ರಜದಲ್ಲಿ ಬಂದಿದ್ದಳು. ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿರೋ ಕೆಂಪು ಹಾಳೆಯ ಮೂಲಕ ರಾಣಿಯನ್ನ ತೋರಿಸಿದೆ. "ಅವತ್ತು ಕೇಳಿದ್ದೆಯಲ್ಲ, ಇವರ ಅಮ್ಮ ಇಲ್ಲಿದಾಳೆ ನೋಡು" ಅಂದೆ. ಅಷ್ಟು ಹೊತ್ತಿಗಾಗಲೇ ಅವಳ ಹತ್ತಿರ ಹೊಸ ಪ್ರಶ್ನೆ ತಯಾರಿತ್ತು.

"ಅವಳ ರೆಕ್ಕೆ ಎಲ್ಲಿ ಮಾಮ?"

"ಅವಳೇ ಮುರಿದುಕೊಂಡಳು ಪುಟ್ಟಿ. ಮನೆ ಮಾಡಬೇಕು ಅಂತ."

"ಮತ್ತೆ ವಾಪಸ್ ಹೋಗಬೇಕು ಅನ್ನಿಸಿದ್ರೆ?"

ನಾನು ಸುಮ್ಮನಾದೆ. ವಾಪಸ್ ಹೋಗೋ ದಾರಿಯನ್ನ ಅವಳು ತಾನೇ ಮುರಿದು ಹಾಕಿ ಬಂದಿದಾಳೆ. ಅಂಥವಳನ್ನ ನಾವು 'ಏಳು ದಿನದ ರಿಟರ್ನ್ ಪಾಲಿಸಿ' ಇದೆಯಾ ಅಂತ ನೋಡಿ ಕಾರ್ಟಿಗೆ ಹಾಕ್ತೀವಿ. ನನ್ನ ಜಗಳ ಇರೋದು ಇದಕ್ಕೇ. ಗೆಳೆಯಾ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಆ 12,000 ಜೇಬಲ್ಲೇ ಇರಲಿ. ಮುಂದಿನ ಸಲ ಮೊದಲ ಮಳೆ ಬಿದ್ದ ಸಂಜೆ ನಮ್ಮನೆಗೆ ಬಾ. ಟ್ಯೂಬ್ ನಂದು, ಹತ್ತಿ ನಂದು, ಕಾಫಿ ಅಮ್ಮಂದು. ಮೆಟ್ಟಿಲ ಮೇಲೆ ಕೂತು ಕಾಯೋಣ. ಬರದೇ ಹೋದರೆ ಅದರ ಮುಂದಿನ ಮಳೆಗೆ.

ನೀವೇನಂತೀರಿ? ನಿಮ್ಮ ಊರ ಕಡೆ ಗೊದ್ದಕ್ಕೆ ಏನಂತ ಕರೀತೀರಿ? ಯಾರಾದರೂ ಮನೆಯಲ್ಲಿ ಇರುವೆ ಸಾಕಿದೀರಾ? ಬೈಯೋದಿದ್ದರೂ ಬೈಯಿರಿ, ಆದರೆ ನಿಧಾನವಾಗಿ. ಡಬ್ಬಿ ಇದೇ ಮೇಜಿನ ಮೇಲಿದೆ, ಜೋರು ಸದ್ದಿಗೆ ಅವರಿಗೆ ಗಾಬರಿ ಆಗುತ್ತೆ :-)